ಹನ್ನೊಂದು ಹೆಜ್ಜೆಯ ಚಹಾ

ಮಧ್ಯಾಹ್ನ ಎರಡರ ಪಾಳಿಗೆ ಆರೈಕೆಮನೆಗೆ ಬಂದ ಎನಿಡ್ ಹಾವರ್ತ್ ಕೋಟಿನ ಗುಂಡಿ ಬಿಚ್ಚುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ನಲ್ಲಿಯ ನೀರು ಕೆಟಲಿನ ಬಾಯಿ ತುಂಬಿ, ಅದರ ಹೊಟ್ಟೆಯ ಮೇಲಿಂದ ಇಳಿದು, ಕ್ಲಿಫರ್ಡನ ಅಂಗಿಯ ತೋಳನ್ನು ಮೊಣಕೈವರೆಗೆ ತೋಯಿಸಿತ್ತು. ಅರವತ್ತು ವರ್ಷದ ಕ್ಲಿಫರ್ಡ್, ಕುಳ್ಳನೆಯ ದುಂಡು ಭುಜದ ಮನುಷ್ಯ, ಹರಿಯುವ ನೀರನ್ನು ಮೊದಲ ಸಲ ಕಂಡವನಂತೆ ನೋಡುತ್ತ ನಿಂತಿದ್ದ. ಅವನ ಹಿಂದೆ ಒಂದು ಮಾರು ದೂರದ ಬೆತ್ತದ ಕುರ್ಚಿಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ರೂಡೋ ಕೂತಿದ್ದಳು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಅವುಗಳ ಮೇಲೆ ಕೂತಿದ್ದಳು.

"ಅಯ್ಯೋ ದೇವರೇ, ಏನೇ ಇದು? ಅವನು ಒದ್ದೆಮುದ್ದೆ ಆಗ್ತಿದಾನೆ, ನೀನು ನಾಟಕ ನೋಡೋಳ ಹಾಗೆ ಕೂತಿದೀಯಲ್ಲ!"

"ಒಂದು ನಿಮಿಷ ಇರಿ ಎನಿಡ್. ಈಗ ನಿಲ್ಲಿಸ್ತಾನೆ."

"ಯಾವಾಗ? ಕ್ರಿಸ್‌ಮಸ್‌ಗಾ?"

ಎನಿಡ್ ಎರಡೇ ಹೆಜ್ಜೆಗೆ ನಲ್ಲಿಯ ಹತ್ತಿರ ಹೋಗಿ ಅದನ್ನು ತಿರುಗಿಸಿದಳು. ಕೆಟಲನ್ನು ಅವನ ಕೈಯಿಂದ ತೆಗೆದುಕೊಂಡಳು. ತೋಳು ಮಡಿಸಿ, ಬಟ್ಟೆಯಿಂದ ಒರೆಸಿ, "ಕೂತ್ಕೋ ರಾಜಾ, ನಾನು ಮಾಡ್ಕೊಡ್ತೀನಿ" ಎಂದಳು. ಕ್ಲಿಫರ್ಡ್ ಕೂತ. ಎನಿಡ್ ಕೂರು ಎಂದರೆ ಅವನು ಕೂರುತ್ತಿದ್ದ.

ರೂಡೋ ತನ್ನ ಕೈಗಳನ್ನು ಹೊರತೆಗೆದಳು. ಅವುಗಳ ಮೇಲೆ ಬೆತ್ತದ ಹೆಣಿಗೆಯ ಅಚ್ಚು ಮೂಡಿತ್ತು. "ಅವನ ಕೈ ನಲ್ಲಿ ಕಡೆ ಹೋಗ್ತಾ ಇತ್ತು. ನೀವು ನೋಡಲಿಲ್ಲ ಅನ್ಸತ್ತೆ" ಎಂದಳು ಮೆಲ್ಲಗೆ.

"ನಾನು ನೋಡದೇ ಇರೋದು ಏನಿದೆ ಕಣಮ್ಮ ಅವನಲ್ಲಿ? ನಲವತ್ತು ವರ್ಷದಿಂದ ನೋಡ್ತಿದೀನಿ. ನೀನು ಬಂದು ಮೂರು ವಾರ."

ಎನಿಡ್ ಹುಟ್ಟಿದ್ದು ಈ ಮನೆಯಿರುವ ಪಾಡಿಹಮ್ ಊರಿನಲ್ಲೇ, ಹೊಳೆಯ ಪಕ್ಕದ ಸಾಲುಮನೆಯಲ್ಲಿ. ತಾಯಿ ಬಟ್ಟೆಯ ಗಿರಣಿಯಲ್ಲಿ ಆರು ಮಗ್ಗ ನೋಡಿಕೊಳ್ಳುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಗಿರಣಿಯ ಹೆಂಗಸರು ಬರಿಯ ತುಟಿ ಅಲ್ಲಾಡಿಸಿ ಒಬ್ಬರ ಸಂಸಾರವನ್ನು ಇನ್ನೊಬ್ಬರಿಗೆ ಹೇಳುವರು. ಮನೆಯಲ್ಲೂ ತಾಯಿ ಹಾಗೆಯೇ ಮಾತಾಡುತ್ತಿದ್ದುದರಿಂದ ತುಟಿ ಓದುವುದು ಎನಿಡ್‌ಗೆ ಎದೆಹಾಲಿನ ಜೊತೆ ಬಂತು. ಮುಂದೆ ಮಾತು ಬಾರದವರ ನಡುವೆ ಆಯುಷ್ಯ ಕಳೆದವಳಿಗೆ ಅದು ದೊಡ್ಡ ಆಸ್ತಿಯಾಯಿತು.

ಹದಿನೇಳಕ್ಕೆ ಅವಳು ಗುಡ್ಡದ ಮೇಲಿನ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಬುದ್ಧಿ ಬೆಳೆಯದವರು ಎಂದು ಊರು ಯಾರನ್ನು ಕರೆಯುತ್ತಿತ್ತೋ ಅವರನ್ನೆಲ್ಲ ಅಲ್ಲಿಡುತ್ತಿದ್ದರು. ಹಟ ಮಾಡುವ ಮಕ್ಕಳಿಗೆ ತಾಯಂದಿರು "ಮೇಲಕ್ಕೆ ಕಳಿಸ್ತೀನಿ ನೋಡು" ಎಂದರೆ ಸಾಕಾಗಿತ್ತು. ಏಳನೆಯ ವಾರ್ಡಿನಲ್ಲಿ ನಲವತ್ತೆರಡು ಗಂಡಸರು, ನಲವತ್ತೆರಡು ಕಬ್ಬಿಣದ ಮಂಚ, ಎರಡು ಮಂಚದ ನಡುವೆ ಒಬ್ಬಳು ತೆಳ್ಳನೆಯ ಹುಡುಗಿ ಅಡ್ಡಲಾಗಿ ತೂರುವಷ್ಟು ಜಾಗ. ಬೆಳಿಗ್ಗೆ ಒಗೆದ ಬಟ್ಟೆ ತಳ್ಳುಗಾಡಿಯಲ್ಲಿ ಗುಡ್ಡೆಯಾಗಿ ಬರುವುದು. ಯಾರ ಮೈಗೆ ಯಾವುದು ಹಿಡಿಸಿತೋ ಅದು ಆ ದಿನಕ್ಕೆ ಅವನ ಚಡ್ಡಿ, ಅವನ ಅಂಗಿ. ಒಬ್ಬೊಬ್ಬ ದಾದಿ ಇಪ್ಪತ್ತೈದು ನಿಮಿಷದಲ್ಲಿ ಎಂಟು ಬಾಯಿಗೆ ಉಣಿಸಬೇಕು. ಅಲ್ಲಿ ನಿಧಾನವೆಂದರೆ ಕ್ರೌರ್ಯ. ಒಬ್ಬ ತಾನೇ ಗುಂಡಿ ಹಾಕಿಕೊಳ್ಳಲಿ ಎಂದು ನೀನು ಕಾದರೆ ಇನ್ನೊಬ್ಬ ಒದ್ದೆ ಚಡ್ಡಿಯಲ್ಲಿ ನಡುಗುತ್ತ ಕಾಯಬೇಕು. ಬೇಗ ಬೇಗ, ಮೆತ್ತಗೆ, ನಗುತ್ತ ಮಾಡಿ ಮುಗಿಸುವುದಕ್ಕೆ ಪ್ರೀತಿ ಎಂದು ಹೆಸರು ಎನ್ನುವುದನ್ನು ಎನಿಡ್ ಅಲ್ಲಿ ಕಲಿತಳು. ಅವಳ ಕೈಗಳು ಅದನ್ನು ಎಷ್ಟು ಚೆನ್ನಾಗಿ ಕಲಿತವೆಂದರೆ, ಸಂತೆಗೆ ಹೋದಾಗ ಗುರುತಿಲ್ಲದ ಮಗುವಿನ ಮೂಗನ್ನೂ ಒರೆಸಿ ಮುಂದೆ ಹೋಗಿಬಿಡುವವು.

ಕ್ಲಿಫರ್ಡ್‌ಗೆ ಆಗ ಇಪ್ಪತ್ತು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ಅವನನ್ನು ತಂದು ಬಿಟ್ಟಿದ್ದಳು. ಮೊದಲು ತಿಂಗಳಿಗೊಮ್ಮೆ, ಆಮೇಲೆ ಈಸ್ಟರ್‌ಗೊಮ್ಮೆ ಬಂದಳು, ಆಮೇಲೆ ಬರಲಿಲ್ಲ. ನಲವತ್ತೆರಡು ಜನರಲ್ಲಿ ಅವನೇ ಯಾಕೆ? ಅವಳು ಮಂಚದಿಂದ ಮಂಚಕ್ಕೆ ಹೋಗುವಾಗ ಅವನು ಹಿಂದಿನಿಂದ ಅವಳ ಏಪ್ರನ್ನಿನ ಗಂಟು ಹಿಡಿದುಕೊಂಡು ಬರುತ್ತಿದ್ದ. ಅಷ್ಟೆ. ಅವಳು ಒಂದು ಅಂಗಿಯ ಕಾಲರಿನ ಒಳಗೆ ಕೆಂಪು ದಾರದ ಹೊಲಿಗೆ ಹಾಕಿ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಟ್ಟೆಯ ಗುಡ್ಡೆ ಕೆದಕಿ ಅದನ್ನು ಹುಡುಕಿ ಅವನಿಗೇ ತೊಡಿಸುತ್ತಿದ್ದಳು. ಇಡೀ ಆಸ್ಪತ್ರೆಯಲ್ಲಿ ತನ್ನದೇ ಅಂಗಿ ಇದ್ದ ಒಬ್ಬನೇ ಮನುಷ್ಯ ಕ್ಲಿಫರ್ಡ್.

ಅವಳ ಗಂಡ ಸ್ಟ್ಯಾನ್ಲಿ ಬಸ್ಸಿನ ಚಾಲಕ, ನಗೆಗಾರ. "ನಮ್ಮ ಹಾಸಿಗೇಲಿ ಮೂರು ಜನ ಮಲಗ್ತೀವಿ ಮಾರಾಯ, ಮಧ್ಯೆ ಕ್ಲಿಫರ್ಡು" ಎಂದು ಪಬ್ಬಿನಲ್ಲಿ ಹೇಳಿ ನಗಿಸುತ್ತಿದ್ದ. ಮಕ್ಕಳಾಗಲಿಲ್ಲ. ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಹೋದ. ಅಂತ್ಯಕ್ರಿಯೆಯ ಮರುದಿನ ಎನಿಡ್ ಪಾಳಿಗೆ ಹೋದಳು. ಹೋಗಲು ಬೇರೆ ಎಲ್ಲೂ ಇರಲಿಲ್ಲ.

ಆಸ್ಪತ್ರೆ ಮುಚ್ಚಿದಾಗ ಆರು ಜನರನ್ನು ಗುಡ್ಡದಿಂದ ಇಳಿಸಿ ಆಲ್ಮಾ ಬೀದಿಯ ಒಂಬತ್ತನೆಯ ಮನೆಯಲ್ಲಿ ಇಟ್ಟರು. ಎನಿಡ್ ಅವರೊಂದಿಗೆ ಇಳಿದು ಬಂದಳು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕಿಟಕಿಗೆ ಅವರೇ ಆರಿಸಿದ ಪರದೆ. ಮೊದಲ ರಾತ್ರಿಗಳಲ್ಲಿ ಕ್ಲಿಫರ್ಡ್ ತನ್ನ ಕೋಣೆಯ ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದ, ಉಳಿದ ನಲವತ್ತೊಂದು ಜನ ಎಲ್ಲಿ ಎಂದು ಕೇಳುವವನಂತೆ. ಎನಿಡ್ ಕುರ್ಚಿ ಹಾಕಿಕೊಂಡು ಅವನು ನಿದ್ದೆ ಹೋಗುವವರೆಗೆ ಕೂತಿರುತ್ತಿದ್ದಳು. ಅದಾಗಿ ಹದಿನಾರು ವರ್ಷ. ಬೆಣ್ಣೆ ಹಚ್ಚಿದ ಟೋಸ್ಟು, ಎರಡು ಚಮಚ ಸಕ್ಕರೆಯ ಟೀ, ಗುರುವಾರ ಆಲೂಗಡ್ಡೆಯ ಕಡುಬು ಮತ್ತು ಉಪ್ಪಿನಲ್ಲಿ ಹಾಕಿದ ಕೆಂಪು ಕೋಸು: ಎಲ್ಲ ಅವಳ ಕೈಯಿಂದ ಅವನ ಕೈಗೆ. ಅವನ ಬಾಯಲ್ಲಿದ್ದದ್ದು ಹತ್ತೋ ಹನ್ನೆರಡೋ ಮಾತು. ಅದರಲ್ಲಿ ಒಂದು ಅವಳ ಹೆಸರು, ಅದೂ ಅರ್ಧ. "ನಿಡ್" ಎನ್ನುತ್ತಿದ್ದ.

ರೂಡೋ ಬಂದ ಐದನೆಯ ವಾರ ಅವನು "ರೂ-ಡೋ" ಎಂದ. ಪೂರ್ತಿಯಾಗಿ.

"ಕೇಳಿದ್ರಾ?" ಎಂದಳು ರೂಡೋ, ಮುಖ ಅರಳಿಸಿಕೊಂಡು.

"ಕೇಳಿದೆ. ನನಗಿನ್ನೂ ಕಿವುಡು ಬಂದಿಲ್ಲ" ಎಂದಳು ಎನಿಡ್.

ರೂಡೋಗೆ ನಲವತ್ತೈದು. ಜಿಂಬಾಬ್ವೆಯ ಮುತಾರೆ ಊರಿನಲ್ಲಿ ಇಪ್ಪತ್ತು ವರ್ಷ ಒಂದನೆಯ ತರಗತಿಯ ಮಕ್ಕಳಿಗೆ ಪಾಠ ಹೇಳಿದವಳು. ಕಾಯುವುದು ಅವಳ ಕಸುಬು. ಕ್ಲಿಫರ್ಡ್ ಕಾಲುಚೀಲ ಹಾಕಿಕೊಳ್ಳಲು ಹದಿನೈದು ನಿಮಿಷ ತೆಗೆದುಕೊಂಡರೆ ಅವಳು ಹದಿನೈದು ನಿಮಿಷವೂ ಅಲ್ಲೇ ಇರುವಳು. ಅಂಗಡಿಯಲ್ಲಿ ಅವನು ಎರಡು ಬಿಸ್ಕತ್ತಿನ ಪೊಟ್ಟಣಗಳ ಮುಂದೆ ನಿಂತರೆ ಹಿಂದಿನ ಸಾಲು ಗೊಣಗಿದರೂ ಕದಲಳು. "ಇದು ಬೇಕಾ, ಬೇಡವಾ? ಬೇಡ ಅಂದ್ರೆ ಬೇಡ ಅನ್ನು. ಇಲ್ಲ ಅನ್ನು. ಯಾರೂ ಬೈಯಲ್ಲ" ಎಂದು ಮತ್ತೆ ಮತ್ತೆ ಹೇಳುವಳು.

ಟೀ ಮಾಡುವುದನ್ನು ಅವಳು ಹನ್ನೊಂದು ಹೆಜ್ಜೆಗಳಾಗಿ ಒಡೆದಳು. ಒಂದೊಂದು ಹೆಜ್ಜೆಗೂ ಕ್ಲಿಫರ್ಡನ ಕೈಯದೇ ಫೋಟೋ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ನಲ್ಲಿ ತಿರುಗಿಸುವ ಕೈ, ಕೆಟಲಿನ ಗುಂಡಿ ಒತ್ತುವ ಕೈ, ಬಿಸಿನೀರು ಬಗ್ಗಿಸುವ ಕೈ. ಪಕ್ಕದಲ್ಲಿ ಒಂದು ಹಾಳೆ. ಪ್ರತಿ ಹೆಜ್ಜೆಗೂ, ಅವನೇ ಮಾಡಿದರೆ ಗೆರೆ, ಯಾರಾದರೂ ಮಾಡಿಕೊಟ್ಟರೆ ಸೊನ್ನೆ.

ಎನಿಡ್ ಆ ಫೋಟೋಗಳನ್ನು ನೋಡುವಾಗಲೆಲ್ಲ ಅವಳ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದಂತಾಗುತ್ತಿತ್ತು. ಆ ಕೈಗಳ ಉಗುರು ಕತ್ತರಿಸಿದವಳು ತಾನು. ಆಸ್ಪತ್ರೆಯ ಚಳಿಯಲ್ಲಿ ಬಿರುಕು ಬಿಟ್ಟಾಗ ಮುಲಾಮು ಸವರಿದವಳು ತಾನು. ಈಗ ಅವು ಬೇರೊಬ್ಬಳ ಜಾಹೀರಾತಿನ ಹಾಗೆ ಫ್ರಿಜ್ಜಿನ ಮೇಲೆ ನಿಂತಿವೆ.

"ಒಳ್ಳೆ ಕೆಲಸಗಾರ್ತಿ ಅಲ್ವೇನೇ?" ಎಂದಳು ಜೊತೆಗೆ ಕೆಲಸ ಮಾಡುವ ಮೇವಿಸ್, ಕೆಣಕಲೆಂದೇ. "ಮನೆ ನೋಡೋಕೆ ಬಂದ ಇನ್‌ಸ್ಪೆಕ್ಟರ್ ಅವಳ ಹತ್ರಾನೇ ಅರ್ಧ ಗಂಟೆ ನಿಂತಿದ್ಲು."

"ಕೆಲಸ? ಕೂತ್ಕೊಂಡು ನೋಡೋದು ಯಾವಾಗಿಂದ ಕೆಲಸ ಆಯ್ತೇ?"

"ಉರೀತಿದೆ ಎಲ್ಲೋ, ವಾಸನೆ ಬರ್ತಿದೆ" ಎಂದು ಮೇವಿಸ್ ಮೂಗು ಮೇಲೆತ್ತಿದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಎನಿಡ್, ರೂಡೋ ಇಬ್ಬರಿಗೂ ಗೊತ್ತಿತ್ತು, ಮಾತು ಕೆಟಲಿನದಲ್ಲ ಎಂದು. ಆ ಮನೆಯಲ್ಲಿ ಒಬ್ಬೊಬ್ಬ ನಿವಾಸಿಗೂ ಕೆಲಸದವರಲ್ಲಿ ಒಬ್ಬರು ಆಪ್ತರು ಎಂದಿದ್ದರು. ಅವನ ಬಟ್ಟೆ ಕೊಳ್ಳುವುದು, ವೈದ್ಯರ ಬಳಿ ಕರೆದೊಯ್ಯುವುದು, ವರ್ಷಕ್ಕೊಮ್ಮೆಯ ಸಭೆಯಲ್ಲಿ ಅವನ ಪರವಾಗಿ ಮಾತಾಡುವುದು ಆ ಆಪ್ತರ ಹಕ್ಕು. ಹದಿನಾರು ವರ್ಷ ಕ್ಲಿಫರ್ಡನ ಆಪ್ತೆ ಎನಿಡ್. ಯಾರೂ ಅವನನ್ನು ಕೇಳಿರಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈ ವರ್ಷ ಮನೆಯ ಮುಖ್ಯಸ್ಥೆ ಲಿಂಡ್ಸೆ ಹೊಸ ಪದ್ಧತಿ ತಂದಿದ್ದಳು. ನವೆಂಬರಿನ ಸಭೆಯಲ್ಲಿ ಎಲ್ಲ ಕೆಲಸದವರ ಫೋಟೋ ಚೀಟಿಗಳನ್ನು ಮೇಜಿನ ಮೇಲೆ ಹರಡುವುದು. ಅವನು ಯಾರನ್ನು ಎತ್ತಿಕೊಂಡರೆ ಅವರೇ ಆಪ್ತರು.

ನವೆಂಬರಿಗೆ ಏಳು ವಾರವಿತ್ತು.

ತನ್ನ ಪಾಳಿಯಲ್ಲಿ ಎನಿಡ್ ಕ್ಲಿಫರ್ಡನನ್ನು ಕೆಟಲಿನ ಹತ್ತಿರ ಬಿಡಲಿಲ್ಲ. ಅವನು ಏಳುವ ಹೊತ್ತಿಗೆ ಟೀ ಸಿದ್ಧ. ಅವನು ಅಡುಗೆಮನೆಯ ಕಡೆ ಮುಖ ಮಾಡಿದರೆ "ಕೂತ್ಕೋ ರಾಜಾ". ಹಾಳೆಯಲ್ಲಿ ಹನ್ನೊಂದು ಸೊನ್ನೆ. ಅದು ಸುಳ್ಳಲ್ಲ, ನಿಜವಾಗಿ ಅವಳೇ ಮಾಡಿಕೊಟ್ಟಿದ್ದಳು. ರೂಡೋ ಪಾಳಿಯ ದಿನ ಗೆರೆಗಳು ಏರುತ್ತಿದ್ದವು. ಆರು, ಎಂಟು, ಹತ್ತು. ಒಂದು ದಿನ ಗೆರೆ, ಒಂದು ದಿನ ಸೊನ್ನೆ. ಹಾಳೆಯ ತುಂಬ ಅವರಿಬ್ಬರ ಜಗಳ.

ಆಮೇಲೆ ಆ ಭಾನುವಾರ ಬಂತು. ಬಸ್ಸು ತಡವಾಗಿ ಎನಿಡ್ ಬೆಳಗಿನ ಪಾಳಿಗೆ ಹತ್ತು ನಿಮಿಷ ತಡವಾದಳು. ಮೇವಿಸ್ ಮೇಲಿನ ಕೋಣೆಯಲ್ಲಿ ಇನ್ನೊಬ್ಬನಿಗೆ ಸ್ನಾನ ಮಾಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಕ್ಲಿಫರ್ಡ್ ಒಬ್ಬನೇ ಇದ್ದ. ಎನಿಡ್ ಬಾಗಿಲಲ್ಲಿ ನಿಂತಳು. ಅವನಿಗೆ ಅವಳ ಸುಳಿವು ಹತ್ತಲಿಲ್ಲ.

ಕೆಟಲು ಕುದಿದು ತಾನಾಗಿ ನಿಂತಿತ್ತು. ಅವನು ತುಟಿ ಕಚ್ಚಿ, ಎರಡೂ ಕೈಯಿಂದ ಅದನ್ನು ಎತ್ತಿ, ಬಟ್ಟಲಿಗೆ ಬಗ್ಗಿಸಿದ. ನೀರು ಒಂದು ತೆಳ್ಳನೆಯ ಕೋಲಿನ ಹಾಗೆ ನೇರವಾಗಿ ಬಟ್ಟಲಿಗಿಳಿಯಿತು. ಒಂದು ಹನಿ ಹೊರಗೆ ಬೀಳಲಿಲ್ಲ. ಟೀಪುಡಿಯ ಚೀಲ ಅದ್ದಿದ, ಎತ್ತಿದ, ಕಸದ ಬುಟ್ಟಿಗೆ ಹಾಕಿದ. ಹಾಲು. ಸಕ್ಕರೆ, ಒಂದು ಚಮಚ. ಎರಡಲ್ಲ, ಒಂದು! ಕಲಕಿದ. ಬಟ್ಟಲನ್ನು ಮೂಗಿನ ಹತ್ತಿರ ತಂದುಕೊಂಡು, ಆವಿಯಲ್ಲಿ ಕಣ್ಣು ಮುಚ್ಚಿ, ಒಬ್ಬನೇ ನಕ್ಕ.

ಎನಿಡ್ ಆ ನಗೆಯನ್ನು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ತಾನು ಕೊಟ್ಟ ಯಾವ ಟೀಗೂ ಅವನು ಹಾಗೆ ನಕ್ಕಿರಲಿಲ್ಲ. ಅವಳಿಗೆ ಮೊದಲು ಬಂದದ್ದು ಸಂತೋಷವೇ. ಅದರ ಬೆನ್ನಿಗೇ ಇನ್ನೊಂದು ಬಂದು ಅದನ್ನು ನುಂಗಿತು. ಒಂದೇ ಚಮಚ ಸಕ್ಕರೆ ಸಾಕೆಂದು ಆ ರೂಡೋಗೆ ಹೇಳಿಕೊಟ್ಟವನು ಇವನು, ನನಗೆ ಹೇಳಲಿಲ್ಲ.

ಅವಳು ಹಾಳೆಯ ಮುಂದೆ ನಿಂತು ಹನ್ನೊಂದು ಸೊನ್ನೆ ಸುತ್ತಿದಳು. ಪೆನ್ನು ನಿಲ್ಲಲಿಲ್ಲ. ಕೆಳಗೆ, ತನ್ನ ದುಂಡು ಅಕ್ಷರದಲ್ಲಿ ಬರೆದಳು: ಬಿಸಿನೀರು ಬಗ್ಗಿಸುವಾಗ ಕೈ ನಡುಗಿತು. ಸ್ವಲ್ಪದರಲ್ಲಿ ಸುಟ್ಟುಕೊಳ್ಳುತ್ತಿದ್ದ. ನಾನು ಹಿಡಿದುಕೊಂಡೆ.

ಸೋಮವಾರ ಲಿಂಡ್ಸೆ ಅದನ್ನು ಓದಿ ಬಿಳಿಚಿಕೊಂಡಳು. ಒಳ್ಳೆಯ ಹೆಂಗಸು, ಆದರೆ ಭಯಸ್ಥೆ. ಹಿಂದಿನ ವರ್ಷ ಬೇರೊಂದು ಊರಿನ ಇಂಥದೇ ಮನೆಯಲ್ಲಿ ಒಬ್ಬನಿಗೆ ಬಿಸಿನೀರು ಬಿದ್ದು ದೊಡ್ಡ ರಾದ್ಧಾಂತವಾಗಿತ್ತು. ಸಭೆಯಲ್ಲಿ ತೀರ್ಮಾನವಾಗುವವರೆಗೆ ಎಂದು ಕೆಟಲನ್ನು ಗೋಡೆಯ ಕಪಾಟಿನೊಳಗಿಟ್ಟು ಬೀಗ ಹಾಕಿಸಿದಳು. ಫ್ರಿಜ್ಜಿನ ಮೇಲಿನ ಫೋಟೋಗಳನ್ನೂ ತೆಗೆಸಿದಳು.

ಎನಿಡ್ ಬೀಗ ಬೀಳುತ್ತದೆಂದು ಎಣಿಸಿರಲಿಲ್ಲ. ರೂಡೋಗೆ ಎರಡು ಮಾತು ಬೀಳಲಿ ಎಂದಷ್ಟೇ ಇತ್ತು ಅವಳ ಮನಸ್ಸಿನಲ್ಲಿ. ಆದರೂ ಮೊದಲ ದಿನ ಬೀಗ ತೆಗೆದು, ಟೀ ಮಾಡಿ, ಮತ್ತೆ ಬೀಗ ಹಾಕಿ, ಬಟ್ಟಲನ್ನು ಅವನ ಮುಂದೆ ಇಟ್ಟಾಗ ಗೆದ್ದ ಸುಖವಿತ್ತು. ಒಂದೇ ಚಮಚ ಹಾಕಿದ್ದಳು.

ಕ್ಲಿಫರ್ಡ್ ಕುಡಿಯಲಿಲ್ಲ. ಎದ್ದು ಹೋಗಿ ಕಪಾಟಿನ ಬಾಗಿಲಿಗೆ ಅಂಗೈ ಒತ್ತಿ ನಿಂತ. ಆಮೇಲೆ ಗಾಳಿಯಲ್ಲಿ ನಲ್ಲಿ ತಿರುಗಿಸಿದ. ಗಾಳಿಯಲ್ಲಿ ಗುಂಡಿ ಒತ್ತಿದ. ಕಾದ. ಗಾಳಿಯನ್ನು ಎತ್ತಿ ಗಾಳಿಯ ಬಟ್ಟಲಿಗೆ ಬಗ್ಗಿಸಿದ. ಕಲಕಿದ. ಮೂಗಿನ ಹತ್ತಿರ ತಂದುಕೊಂಡ. ಅಲ್ಲಿ ಆವಿಯಿರಲಿಲ್ಲ, ಅವನು ತನ್ನ ಬರಿಗೈಯನ್ನು ನೋಡಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದ. ಬೆಳಿಗ್ಗೆ ಮಧ್ಯಾಹ್ನ ಸಂಜೆ, ಮೂರು ವಾರ, ಹಾಗೆಯೇ. ಮೇವಿಸ್ ಸಹ ನಗೆಯಾಡುವುದನ್ನು ನಿಲ್ಲಿಸಿದಳು.

ಒಂದು ಗುರುವಾರ ರೂಡೋ ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ ಕೇಳಿದಳು. "ಅವತ್ತು ನಿಜವಾಗ್ಲೂ ನಡುಗ್ತಾ ಎನಿಡ್?"

"ಬರೆದಿದೀನಲ್ಲ. ಓದೋಕೆ ಬರಲ್ವಾ ಟೀಚರಮ್ಮಂಗೆ?"

"ಬರತ್ತೆ. ಅದಕ್ಕೇ ಕೇಳಿದ್ದು."

ಸಿಪ್ಪೆ ಉದ್ದವಾಗಿ ಸುರುಳಿಯಾಗಿ ಇಳಿಯುತ್ತಿತ್ತು. ಎನಿಡ್ ಕೋಸು ಹೆಚ್ಚುತ್ತಲೇ ಇದ್ದಳು. ರೂಡೋ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. "ನಿಮಗೊಂದು ವಿಷಯ ಹೇಳ್ಲಾ? ನಿಮ್ಮ ಪಾಳಿ ಇರೋ ದಿನ ಅವನು ಕಾಲು ಗಂಟೆ ಮುಂಚೆ ಹೋಗಿ ಮುಂಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿರ್ತಾನೆ. ಗಡಿಯಾರ ನೋಡೋಕೆ ಬರಲ್ಲ, ಹೇಗೆ ಗೊತ್ತಾಗತ್ತೋ. ನಾನು ಬರೋ ದಿನ ನಿಲ್ಲಲ್ಲ. ನನಗೆ ಮೈಯೆಲ್ಲ ಉರಿಯತ್ತೆ ಅದನ್ನ ನೋಡಿದ್ರೆ."

ಎನಿಡ್ ಹೆಚ್ಚಿದ ಕೋಸನ್ನು ಪಾತ್ರೆಗೆ ಸುರಿದಳು. ಆದರೆ ಆ ದಿನವೆಲ್ಲ ಆ ಮಾತನ್ನು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡಿದಳು. ಅದರಿಂದ ಅವಳ ಮನಸ್ಸು ಮೆತ್ತಗಾಗಲಿಲ್ಲ. ರೂಡೋಗೂ ಉರಿಯುತ್ತಿದೆ ಎಂದು ತಿಳಿದದ್ದೇ ದೊಡ್ಡ ತಂಪು.

ಸಭೆ ಮುಂದಿನ ಕೋಣೆಯಲ್ಲಿ ಸೇರಿತು. ಕ್ಲಿಫರ್ಡ್ ನೀಲಿ ಅಂಗಿಯಲ್ಲಿ ಮೇಜಿನ ಒಂದು ತುದಿಯಲ್ಲಿ ಕೂತಿದ್ದ. ಒಂದು ಪಕ್ಕ ಲಿಂಡ್ಸೆ, ಇನ್ನೊಂದು ಪಕ್ಕ ಕೌನ್ಸಿಲ್ ಕಳಿಸಿದ ಸಮಾಜ ಕಾರ್ಯಕರ್ತ ಪ್ರೆಸ್ಟನ್, ದಡೂತಿ, ಒಳ್ಳೆಯ ಮಾತಿನ ಮನುಷ್ಯ. ಎನಿಡ್ ಮತ್ತು ರೂಡೋ ಎದುರಿನ ಸೋಫಾದ ಎರಡು ತುದಿಯಲ್ಲಿ. ಅವರ ನಡುವೆ ಮೂರನೆಯವರು ಆರಾಮಾಗಿ ಕೂರಬಹುದಿತ್ತು.

"ಮೊದಲು ಮುಖ್ಯವಾದ್ದು" ಎಂದು ಲಿಂಡ್ಸೆ ಫೋಟೋ ಚೀಟಿಗಳನ್ನು ಹರಡಿದಳು. ಎಂಟು ಮುಖ. "ಕ್ಲಿಫರ್ಡ್, ನಿನಗೆ ಯಾರು ಬೇಕು? ನಿನ್ನ ಜೊತೆ ಇರೋಕೆ?"

ಅವನು ಬಗ್ಗಿ ನೋಡಿದ. ಮೇವಿಸ್‌ಳ ಚೀಟಿಯ ಮೇಲೆ ಬೆರಳಿಟ್ಟು ಸರಿಸಿದ. ರೂಡೋ ಚೀಟಿಯ ಮೇಲೆ ಬೆರಳು ಬಂತು. ನಿಂತಿತು. ಎನಿಡ್ ತನ್ನ ಕೈಗಳನ್ನು ನೋಡಿಕೊಂಡಳು. ಅವು ಏಪ್ರನ್ನಿನ ಅಂಚನ್ನು ಹಗ್ಗದಂತೆ ಹೊಸೆಯುತ್ತಿದ್ದವು. ಹಾಳಾಗಿ ಹೋಗಲಿ, ಅವಳನ್ನೇ ಎತ್ತಿಕೋ, ಬೇಗ ಎತ್ತಿಕೊಂಡು ಮುಗಿಸು ಎಂದುಕೊಂಡಳು. ಬೆರಳು ಮುಂದೆ ಸರಿಯಿತು. ಎರಡನೆಯ ಸಾಲಿನ ಕೊನೆಯಲ್ಲಿದ್ದ ಒಂದು ಚೀಟಿಯನ್ನು ಅವನು ಎತ್ತಿ ಎದೆಗೆ ಒತ್ತಿಕೊಂಡ.

"ನಿಡ್" ಎಂದ.

ಪ್ರೆಸ್ಟನ್ ಚಪ್ಪಾಳೆ ತಟ್ಟಿದ. "ಹಳೇ ಪ್ರೀತಿ ಕಣ್ರೀ, ಬಿಡತ್ತಾ?" ಲಿಂಡ್ಸೆ ನಕ್ಕಳು. ಎನಿಡ್‌ಗೆ ಸೋಫಾದ ಆ ತುದಿಯನ್ನು ನೋಡದೆ ಇರಲಾಗಲಿಲ್ಲ. ರೂಡೋ ಕಿಟಕಿಯ ಹೊರಗೆ ಜಿನುಗುವ ಮಳೆಯನ್ನು ನೋಡುತ್ತಿದ್ದಳು. ಎನಿಡ್‌ಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ಸಭ್ಯತೆಯೂ ಆ ಕ್ಷಣಕ್ಕೆ ಉಳಿದಿರಲಿಲ್ಲ.

"ಸರಿ. ಎರಡನೇದು, ಕೆಟಲ್" ಎಂದಳು ಲಿಂಡ್ಸೆ. ಎನಿಡ್ ಬರೆದ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಓದಿದಳು. "ಟೀ ಕಲಿಸೋದನ್ನ ಇಲ್ಲಿಗೆ ನಿಲ್ಲಿಸೋದು, ಬೀಗ ಖಾಯಂ ಮಾಡೋದು ಅಂತ ನನ್ನ ಅಭಿಪ್ರಾಯ. ರೂಡೋ ಒಪ್ಪಲ್ಲ, ಅದನ್ನ ಬರ್ಕೊಂಡಿದೀನಿ. ಆದರೆ ಈಗ ಕ್ಲಿಫರ್ಡ್ ಪರವಾಗಿ ಮಾತಾಡೋಳು ನೀನು ಎನಿಡ್. ಅವನಾಗಿದ್ರೆ ಏನು ಹೇಳ್ತಿದ್ದ?"

ಸಭೆಯಲ್ಲಿ ಎಲ್ಲರ ಕಣ್ಣು ಅವಳ ಮೇಲೆ. ಕೆಟಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕ್ಲಿಫರ್ಡ್ ಚೀಟಿಯನ್ನು ತೊಡೆಯ ಮೇಲಿಟ್ಟು ಶುರು ಮಾಡಿದ. ಗಾಳಿಯಲ್ಲಿ ನಲ್ಲಿ. ಗಾಳಿಯಲ್ಲಿ ಗುಂಡಿ. ಕಾದ. ಎರಡೂ ಕೈಯಿಂದ ಎತ್ತಿದ. ಬಗ್ಗಿಸಿದ. ಆಗ ಅವನ ತುಟಿ ಅಲ್ಲಾಡುತ್ತಿತ್ತು. ಸದ್ದಿಲ್ಲ, ತುಟಿ ಮಾತ್ರ. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ಒಬ್ಬಳೇ ಇದ್ದಳು. ಮೆಲ್ಲಗೆ, ಮೆಲ್ಲಗೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೆಲ್ಲಗೆ ಎನ್ನುವ ಮಾತು ಅವನ ಹತ್ತು ಹನ್ನೆರಡು ಮಾತುಗಳಲ್ಲಿ ಇರಲಿಲ್ಲ. ಇಷ್ಟು ದಿನ ಅದು ಅವನೊಳಗೆ ಇತ್ತು, ಅವಳು ತುಟಿ ನೋಡುವಷ್ಟು ಹೊತ್ತು ಸುಮ್ಮನೆ ನಿಂತಿರಲಿಲ್ಲ.

ಅವನ ಪರವಾಗಿ ಮಾತಾಡುವ ಹಕ್ಕಿಗಾಗಿ ಅವಳು ಏಳು ವಾರ ಕುದಿದಿದ್ದಳು. ಆ ಹಕ್ಕು ಈಗ ಬಾಯಿಗೆ ಬಂದು ಕೂತಿತ್ತು, ಮತ್ತು ಅದರಿಂದ ಹೇಳಬಹುದಾದ್ದು ಒಂದೇ ಒಂದು ಇತ್ತು.

"ಅವನ ಕೈ ನಡುಗಲಿಲ್ಲ" ಎಂದಳು ಎನಿಡ್.

"ಏನಂದೆ?"

"ನಡುಗಲಿಲ್ಲ. ಹನ್ನೊಂದೂ ಅವನೇ ಮಾಡಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂದು ತೊಟ್ಟು ಚೆಲ್ಲಲಿಲ್ಲ. ಆ ಸೊನ್ನೆ, ಆ ಬರಹ ಎಲ್ಲ ಸುಳ್ಳು. ನಾನೇ ಬರೆದ ಸುಳ್ಳು."

ಲಿಂಡ್ಸೆ ಪೆನ್ನು ಕೆಳಗಿಟ್ಟಳು. "ಎನಿಡ್, ಯೋಚನೆ ಮಾಡಿ ಮಾತಾಡು. ನೀನು ಏನು ಹೇಳ್ತಿದೀಯ ಅಂತ ಗೊತ್ತಾ ನಿಂಗೆ? ದಾಖಲೆ ಸುಳ್ಳು ಅಂದ್ರೆ... ನಾನು ನಿನ್ನ ಇವತ್ತೇ ಮನೆಗೆ ಕಳಿಸಬೇಕಾಗತ್ತೆ. ವಿಚಾರಣೆ ಆಗೋವರೆಗೆ. ಆಪ್ತೆ ಆಗಿ ಇರೋಕಂತೂ ಆಗಲ್ಲ."

"ಗೊತ್ತು."

"ಯಾಕೆ ಮಾಡಿದೆ?" ಪ್ರೆಸ್ಟನ್ ಕೇಳಿದ, ನಿಜವಾಗಿ ಅರ್ಥವಾಗದವನಂತೆ.

ಎನಿಡ್ ರೂಡೋ ಕಡೆ ತಲೆಯಾಡಿಸಿದಳು. "ಅವಳನ್ನ ಕೇಳಿ. ಅವಳಿಗೆ ಗೊತ್ತು."

ರೂಡೋ ಲಿಂಡ್ಸೆಯ ಕಡೆ ತಿರುಗಿದಳು. "ಅವರು ಕೆಟ್ಟವರಲ್ಲ. ಅದನ್ನೂ ಬರ್ಕೊಳ್ಳಿ."

"ನಿನ್ನ ಶಿಫಾರಸು ನನಗೆ ಬೇಡ ಕಣೇ" ಎಂದಳು ಎನಿಡ್. ಅದನ್ನು ಸೇಡಿನಿಂದಲೇ ಹೇಳಿದಳು. ಎಷ್ಟು ಸೋತರೂ ಆ ಹೆಂಗಸಿನ ದಯೆಯನ್ನು ನುಂಗುವುದು ಅವಳಿಂದ ಆಗುವಂತಿರಲಿಲ್ಲ.

ಲಿಂಡ್ಸೆ ಎದ್ದು ಅಡುಗೆಮನೆಗೆ ಹೋದಳು. ಬೀಗ ತೆರೆದ ಸದ್ದು ಈಚೆಗೆ ಕೇಳಿಸಿತು. ಅವಳು ಬಾಗಿಲಿಗೆ ಬಂದು, "ಆ ಚೀಟಿ ವಾಪಸ್ ತಗೋಬೇಕು. ಮತ್ತೆ ಆರಿಸಲಿ" ಎಂದಳು. ಅವಳಿಗೆ ತಾನೇ ಕೇಳುವ ಧೈರ್ಯವಿರಲಿಲ್ಲ; ನೋಟ ಎನಿಡ್ ಮೇಲೆ ನಿಂತಿತು.

ಎನಿಡ್ ಕ್ಲಿಫರ್ಡನ ಮುಂದೆ ಹೋಗಿ ಮೊಣಕಾಲೂರಿದಳು. ಮಂಡಿ ಲಟಕ್ಕೆಂದಿತು. ತನ್ನದೇ ಮುಖದ ಚೀಟಿಗೆ ಕೈ ಚಾಚಿದಳು. "ಕೊಡು ರಾಜಾ. ಅದನ್ನ ಕೊಡು ನಂಗೆ."

ಅವಳು ಕೂರು ಎಂದರೆ ಕೂರುತ್ತಿದ್ದವನು, ಏಳು ಎಂದರೆ ಏಳುತ್ತಿದ್ದವನು. ಕೊಟ್ಟೇ ಕೊಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅವನು ಚಾಚಿದ ಕೈಯನ್ನು ನೋಡಿದ, ಚೀಟಿಯನ್ನು ನೋಡಿದ. ಬಹಳ ಹೊತ್ತು ತೆಗೆದುಕೊಂಡ. ಯಾರೂ ಅವಸರ ಮಾಡಲಿಲ್ಲ.

"ಇಲ್ಲ" ಎಂದ.

ಎನಿಡ್ ಕೈ ಹಾಗೆಯೇ ನಿಂತಿತು. ನಲವತ್ತು ವರ್ಷದಲ್ಲಿ ಅವನು ಅವಳಿಗೆ ಆ ಮಾತನ್ನು ಅಂದಿರಲಿಲ್ಲ.

"ಇಲ್ಲ" ಎಂದ ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ. ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿ, ಮೇಲೆ ಅಂಗೈ ಮುಚ್ಚಿಕೊಂಡು, ಎದ್ದು, ಅವಳ ಪಕ್ಕದಿಂದ ಸರಿದು ಅಡುಗೆಮನೆಯ ಕಡೆ ನಡೆದ.

ಅವಳ ಕಣ್ಣು ತುಂಬಿದವು. ಜಗತ್ತಿನಲ್ಲಿ ಯಾರೂ ಯಾವತ್ತೂ ಅವಳಿಗಾಗಿ ಅಷ್ಟು ದೊಡ್ಡದನ್ನು ಮಾಡಿರಲಿಲ್ಲ. ಅದರ ಜೊತೆಗೇ ಅವಳಿಗೆ ಇದೂ ಗೊತ್ತಿತ್ತು: ಆ "ಇಲ್ಲ" ತಾನು ಕಲಿಸಿದ್ದಲ್ಲ. ಬಿಸ್ಕತ್ತಿನ ಅಂಗಡಿಯಲ್ಲಿ ನಿಂತು ನಿಂತು, ಗೊಣಗುವ ಸಾಲಿಗೆ ಬೆನ್ನು ಕೊಟ್ಟು ಅದನ್ನು ಕಲಿಸಿದವಳು ಸೋಫಾದ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. ಅವನು ತನಗೆ ಕೊಟ್ಟ ಅತಿ ಒಳ್ಳೆಯ ವಸ್ತುವೂ ರೂಡೋಳ ಅಂಗಡಿಯದು.

ಅವಳು ಸೋಫಾದ ಕೈ ಹಿಡಿದು ಎದ್ದಳು. ಗೂಟದಿಂದ ಕೋಟು ತೆಗೆದುಕೊಂಡಳು. ಒಳಗೆ ನೀರು ಬೀಳುವ ಸದ್ದು ಶುರುವಾಗಿತ್ತು. ಕೆಟಲು ತುಂಬುತ್ತ ಬಂದ ಹಾಗೆ ಸದ್ದು ಸಣ್ಣದಾಯಿತು, ನೀರು ಬಾಯಿಗೆ ಬಂತು. ಎನಿಡ್ ಒಂದು ತೋಳಿಗೆ ಮಾತ್ರ ಕೋಟು ಹಾಕಿಕೊಂಡು ಕೇಳುತ್ತ ನಿಂತಳು. ನೀರು ನಿಂತಿತು.

"ಎರಡೂ ನಲವತ್ತರ ಬಸ್ಸು ತಪ್ಪತ್ತೆ ಎನಿಡ್" ಎಂದಳು ಲಿಂಡ್ಸೆ, ಮೆತ್ತಗೆ.

"ಮೂರೂ ಹತ್ತಕ್ಕೆ ಇನ್ನೊಂದಿದೆ" ಎಂದಳು ಎನಿಡ್. ಕೋಟಿನ ಇನ್ನೊಂದು ತೋಳು ನೆಲಕ್ಕೆ ತಾಗುತ್ತಿತ್ತು, ಅವಳು ಕದಲಲಿಲ್ಲ.